ಆತಂಕ ಕಾಯಿಲೆಯ ಮಾತ್ರೆಗಳು ಮಿದುಳಿನಲ್ಲಿ ಮತ್ತು ದೇಹದಲ್ಲಿ ಕೆಲಸ ಮಾಡುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಮನಸ್ಸಿಗೆ ಸಂಬಂಧಿಸಿದ ಮಾತ್ರೆ ಯಾವುದೇ ಇರಲಿ, ಗ್ರಾಮಗಳಲ್ಲಿ ಅದಕ್ಕೆ ಸಾಮಾನ್ಯವಾಗಿ ಇರುವ ಹೆಸರು ಒಂದೇ: ನಿದ್ದೆ ಮಾತ್ರೆ. ಈ ಒಂದೇ ಹೆಸರಿನಿಂದ ಆಗುತ್ತಿರುವ ಹಾನಿ ಸಣ್ಣದಲ್ಲ. ಆತಂಕದ ಕಾಯಿಲೆಗೆ ವೈದ್ಯರು ಬರೆಯುವ ಚೀಟಿಯಲ್ಲಿ ಬಹುತೇಕ ಎರಡು ಬಗೆಯ ಮಾತ್ರೆಗಳಿರುತ್ತವೆ. ಮೊದಲನೆಯದು ನುಂಗಿದ ಅರ್ಧದಿಂದ ಒಂದು ಗಂಟೆಯೊಳಗೆ ನೆಮ್ಮದಿ ತರುತ್ತದೆ. ಅದನ್ನು ಕೆಲವೇ ವಾರಗಳಲ್ಲಿ ನಿಲ್ಲಿಸಬೇಕು. ಎರಡನೆಯದು ಮೊದಲ ಎರಡು ವಾರ ಯಾವ ಉಪಯೋಗವನ್ನೂ ತೋರಿಸುವುದಿಲ್ಲ; ಅದನ್ನು ತಿಂಗಳುಗಟ್ಟಲೆ ಮುಂದುವರಿಸಬೇಕು. ವಾಸ್ತವದಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಉಪಯೋಗ ಕಾಣದ ಮಾತ್ರೆಯನ್ನು ಹತ್ತನೆಯ ದಿನ ಬಿಸಾಡುತ್ತಾರೆ. ತಕ್ಷಣ ಸುಖ ಕೊಟ್ಟ ಮಾತ್ರೆಯನ್ನು ಔಷಧ ಅಂಗಡಿಯಿಂದ ಚೀಟಿಯಿಲ್ಲದೆ ತರಿಸಿ ವರ್ಷಗಟ್ಟಲೆ ನುಂಗುತ್ತಾರೆ. ಮೊದಲನೆಯ ತಪ್ಪಿನಿಂದ ಕಾಯಿಲೆ ಉಳಿಯುತ್ತದೆ, ಎರಡನೆಯ ತಪ್ಪಿನಿಂದ ಹೊಸದೊಂದು ಕಾಯಿಲೆ ಹುಟ್ಟುತ್ತದೆ.

ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 10.6 ಮಂದಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಆತಂಕ ಮತ್ತು ಒತ್ತಡಕ್ಕೆ ಸಂಬಂಧಿಸಿದ ಕಾಯಿಲೆಗಳ ಪಾಲು ನೂರಕ್ಕೆ ಸುಮಾರು 3.5. ನಾಲ್ಕು ಸಾವಿರ ವಯಸ್ಕರಿರುವ ಪಂಚಾಯಿತಿಗೆ ಈ ಪ್ರಮಾಣವನ್ನು ಅನ್ವಯಿಸಿದರೆ ಸುಮಾರು 140 ಜನರಾಗುತ್ತಾರೆ. ಇವರಲ್ಲಿ ಚಿಕಿತ್ಸೆ ಆರಂಭಿಸುವವರೇ ಕಡಿಮೆ. ಆರಂಭಿಸಿದವರೂ ಮಾತ್ರೆಯ ಗುಣ ತಿಳಿಯದೆ ಅರ್ಧದಲ್ಲಿ ಕೈಬಿಟ್ಟರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಆಸ್ಪತ್ರೆಗೆ ವಾಹನ ಬೇಕಾದಾಗ, ಮನೆಯಲ್ಲಿ ಜಗಳವಾದಾಗ, ಆಶಾ ಕಾರ್ಯಕರ್ತೆಯ ಮಾತನ್ನು ಮನೆಯವರು ಕೇಳದಿದ್ದಾಗ ಊರಿನವರು ಮೊದಲು ಹೋಗುವುದು ಸದಸ್ಯರ ಮನೆಗೆ. "ಈ ಮಾತ್ರೆ ಕೊಡುತ್ತಾ ಹೋಗೋಣವೇ, ಬಿಡಿಸೋಣವೇ?" ಎಂಬ ಪ್ರಶ್ನೆ ಅಲ್ಲಿಯೂ ಬರುತ್ತದೆ. ಮಾತ್ರೆ ಬರೆಯುವುದಾಗಲಿ ಬದಲಿಸುವುದಾಗಲಿ ಸದಸ್ಯರ ಕೆಲಸವಲ್ಲ. ಆದರೆ ಅದು ದೇಹದೊಳಗೆ ಏನು ಮಾಡುತ್ತದೆ ಎಂಬುದು ತಿಳಿದಿದ್ದರೆ, ಕೊಡಬಾರದ ಸಲಹೆಯನ್ನು ಕೊಡದೆ ಇರಬಹುದು.

ಆತಂಕ ಎಂದರೆ ದೇಹದಲ್ಲಿ ನಡೆಯುವುದೇನು

ಸಂಜೆಗತ್ತಲಲ್ಲಿ ಮೋಟಾರು ಚಾಲೂ ಮಾಡಲು ಪಂಪ್‌ಸೆಟ್ ಮನೆಗೆ ಹೋದ ರೈತನ ಕಾಲಬಳಿ ಹಾವು ಸರಿದಂತಾಗುತ್ತದೆ. ಅದು ಹಾವೇ, ಹಗ್ಗವೇ ಎಂದು ಯೋಚಿಸುವ ಮೊದಲೇ ಆತ ಹಿಂದಕ್ಕೆ ಹಾರಿರುತ್ತಾನೆ. ಎದೆ ಡವಡವನೆ ಬಡಿಯುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆಯಲ್ಲಿ ತಳಮಳವಾಗುತ್ತದೆ. ಈ ಕೆಲಸ ಮಾಡಿಸುವುದು ಮಿದುಳಿನ ಒಳಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದರಂತೆ ಇರುವ, ಬಾದಾಮಿ ಬೀಜದ ಆಕಾರದ ಅಮಿಗ್ಡಲ ಎಂಬ ಭಾಗ. ಅಪಾಯದ ಸುಳಿವು ಸಿಕ್ಕೊಡನೆ ಅದು ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್‌ಗೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಂದ ನರಗಳ ಮೂಲಕ ಹೊರಟ ಆಜ್ಞೆ ಮೂತ್ರಪಿಂಡಗಳ ತಲೆಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳನ್ನು ತಲುಪಿ, ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಸ್ವಲ್ಪ ಹೊತ್ತಿನ ನಂತರ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನೂ ಏರುತ್ತದೆ. ಓಡಲು ಅಥವಾ ಹೋರಾಡಲು ಬೇಕಾದ ರಕ್ತ ಸ್ನಾಯುಗಳಿಗೆ ಹರಿಯುತ್ತದೆ. ಜೀರ್ಣಕ್ರಿಯೆ ಆ ಹೊತ್ತಿಗೆ ಬೇಡವಾದ ಕೆಲಸವಾದ್ದರಿಂದ ಹಿಂದೆ ಬೀಳುತ್ತದೆ. ಬ್ಯಾಟರಿ ಬೆಳಕು ಬಿಟ್ಟು ನೋಡಿದಾಗ ಅದು ಹಗ್ಗವೆಂದು ತಿಳಿದರೆ, ಹಣೆಯ ಹಿಂಭಾಗದಲ್ಲಿರುವ ವಿವೇಚನೆಯ ಮಿದುಳು ಅಮಿಗ್ಡಲವನ್ನು ಸುಮ್ಮನಾಗಿಸುತ್ತದೆ. ಹತ್ತು ನಿಮಿಷದಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ.

ಇದು ಕಾಯಿಲೆಯಲ್ಲ, ಜೀವ ಉಳಿಸುವ ವ್ಯವಸ್ಥೆ. ಹಾವೂ ಇಲ್ಲದೆ ಹಗ್ಗವೂ ಇಲ್ಲದೆ ಇದೇ ಎಚ್ಚರಿಕೆಯ ಗಂಟೆ ದಿನವಿಡೀ ಬಾರಿಸುತ್ತಿದ್ದರೆ, ಅಥವಾ ಇದ್ದಕ್ಕಿದ್ದಂತೆ ಸಾವೇ ಬಂತೆನ್ನುವಷ್ಟು ಜೋರಾಗಿ ಬಾರಿಸಿದರೆ, ಅದು ಕಾಯಿಲೆ. ಸ್ವಸಹಾಯ ಸಂಘದ ಸಾಲದ ಲೆಕ್ಕ ನೋಡಿಕೊಳ್ಳುವ ಮಹಿಳೆಯೊಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಸಂತೆಯಲ್ಲಿ ನಿಂತಿದ್ದಾಗ ಎದೆ ಹಿಡಿದಂತಾಗಿ ತಾಲ್ಲೂಕು ಆಸ್ಪತ್ರೆಗೆ ಓಡುತ್ತಾರೆ. ಇಸಿಜಿ ಸರಿಯಾಗಿದೆ, ರಕ್ತಹೀನತೆ ಇಲ್ಲ, ಥೈರಾಯಿಡ್ ಪರೀಕ್ಷೆಯೂ ಸರಿಯಾಗಿದೆ. "ಏನೂ ಇಲ್ಲವಂತೆ, ಸುಮ್ಮನೆ ಹೆದರುತ್ತಾಳೆ" ಎಂದು ಮನೆಯವರು ಊರಿಗೆ ಕರೆತರುತ್ತಾರೆ. ಈ ಮಾತು ಪೂರ್ತಿ ತಪ್ಪು. ಹೃದಯದಲ್ಲಿ ದೋಷವಿಲ್ಲ ಎನ್ನುವುದು ನಿಜ. ಆದರೆ ಆಕೆಯ ಎದೆ ನಿಜವಾಗಿಯೂ ಬಡಿಯುತ್ತಿದೆ, ಅಡ್ರಿನಲಿನ್ ನಿಜವಾಗಿಯೂ ರಕ್ತಕ್ಕೆ ಸೇರಿದೆ. ನಟನೆಯೂ ಇಲ್ಲ, ಹಟವೂ ಇಲ್ಲ.

ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ನರಕೋಶಕ್ಕೂ ಮತ್ತೊಂದಕ್ಕೂ ನಡುವೆ ಅತಿ ಸಣ್ಣ ಸಂದಿಯಿರುತ್ತದೆ. ಆ ಸಂದಿಯನ್ನು ದಾಟಿ ಸುದ್ದಿ ಒಯ್ಯುವುದು ನರವಾಹಕಗಳೆಂಬ ರಾಸಾಯನಿಕಗಳು. ಗಾಬಾ, ಸೆರೊಟೊನಿನ್, ನಾರ್‌ಅಡ್ರಿನಲಿನ್ ಈ ಬಗೆಯವು. ಬಂದ ಸುದ್ದಿಯನ್ನು ಹಿಡಿದುಕೊಳ್ಳುವ, ಆಚೆಯ ನರಕೋಶದ ಮೇಲಿರುವ ಬೀಗದಂಥ ರಚನೆಗೆ ಗ್ರಾಹಿ ಎಂದು ಹೆಸರು. ಆತಂಕದ ಔಷಧಗಳೆಲ್ಲವೂ ಈ ಸಂದಿಯಲ್ಲಿ ಅಥವಾ ಈ ಗ್ರಾಹಿಗಳ ಮೇಲೆ ಕೆಲಸ ಮಾಡುತ್ತವೆ. ಎಲ್ಲಿ, ಎಷ್ಟು ವೇಗದಲ್ಲಿ ಎಂಬುದರಲ್ಲಿ ಮಾತ್ರ ಅವುಗಳ ನಡುವೆ ವ್ಯತ್ಯಾಸ.

ಬೇಗ ಕೆಲಸ ಮಾಡುವ ಮಾತ್ರೆ

ಆಲ್ಪ್ರಜೊಲಾಮ್, ಡಯಜೆಪಾಮ್, ಲೊರಜೆಪಾಮ್, ಕ್ಲೋನಜೆಪಾಮ್ ಎಂಬ ಹೆಸರುಗಳನ್ನು ಮಾತ್ರೆಯ ಪಟ್ಟಿಯ ಮೇಲೆ ಸದಸ್ಯರು ನೋಡಿರಬಹುದು. ಇವುಗಳ ಕುಟುಂಬದ ಹೆಸರು ಬೆಂಜೊಡಯಜೆಪೀನ್. ಅಮೆರಿಕದ ರೋಶ್ ಕಂಪನಿಯಲ್ಲಿದ್ದ ಲಿಯೊ ಸ್ಟರ್ನ್‌ಬ್ಯಾಕ್ ಎಂಬ ರಸಾಯನ ವಿಜ್ಞಾನಿ ತಯಾರಿಸಿ ಬದಿಗಿಟ್ಟಿದ್ದ ಪದಾರ್ಥವೊಂದು 1957ರಲ್ಲಿ ಪ್ರಯೋಗಾಲಯ ಚೊಕ್ಕಟ ಮಾಡುವಾಗ ಮತ್ತೆ ಕಣ್ಣಿಗೆ ಬಿತ್ತು. ಅದನ್ನು ಎಸೆಯದೆ ಪರೀಕ್ಷೆಗೆ ಕಳುಹಿಸಿದ್ದರಿಂದ ಈ ಕುಟುಂಬದ ಮೊದಲ ಔಷಧ 1960ರಲ್ಲಿ ಮಾರುಕಟ್ಟೆಗೆ ಬಂತು. 1963ರಲ್ಲಿ ಡಯಜೆಪಾಮ್ ಬಂತು. ಅದು ಮಿದುಳಿನಲ್ಲಿ ಎಲ್ಲಿ ಹೋಗಿ ಅಂಟಿಕೊಳ್ಳುತ್ತದೆ ಎಂಬುದು ಗೊತ್ತಾದದ್ದು ಮಾತ್ರ 1977ರಲ್ಲಿ. ಅಷ್ಟರಲ್ಲಿ ಲಕ್ಷಾಂತರ ಜನ ಅದನ್ನು ನುಂಗಿಯಾಗಿತ್ತು.

ಗಾಬಾ ಎಂಬುದು ಮಿದುಳಿನ ಮುಖ್ಯ ತಡೆಗಾರ. ಕೆರೆಯ ತೂಬಿನ ಹೋಲಿಕೆಯಿಂದ ಇದನ್ನು ತಿಳಿಯಬಹುದು. ನರಕೋಶದ ಗೋಡೆಯಲ್ಲಿ ಕ್ಲೋರೈಡ್ ಕಣಗಳಿಗೆಂದೇ ಮೀಸಲಾದ ತೂಬುಗಳಿವೆ. ಗಾಬಾ ಬಂದು ಗ್ರಾಹಿಗೆ ಕೂತಾಗ ತೂಬು ತೆರೆಯುತ್ತದೆ. ಋಣ ವಿದ್ಯುದಂಶ ಹೊತ್ತ ಕ್ಲೋರೈಡ್ ಒಳಗೆ ನುಗ್ಗುತ್ತದೆ. ನರಕೋಶ ಶಾಂತವಾಗಿ, ಸುಲಭಕ್ಕೆ ಕಿಡಿ ಹಾರಿಸದಂತಾಗುತ್ತದೆ. ಬೆಂಜೊಡಯಜೆಪೀನ್ ತಾನೇ ತೂಬು ತೆರೆಯುವುದಿಲ್ಲ. ಅದು ಅದೇ ಗ್ರಾಹಿಯ ಪಕ್ಕದ ಇನ್ನೊಂದು ಜಾಗದಲ್ಲಿ ಕೂತು, ಗಾಬಾ ಬಂದಾಗ ತೂಬು ಮತ್ತೆ ಮತ್ತೆ ತೆರೆಯುವಂತೆ ಮಾಡುತ್ತದೆ. ನೀರುಗಂಟಿ ಒಬ್ಬನೇ, ಆದರೆ ಈಗ ಅವನ ಕೈಗೆ ಎಣ್ಣೆ ಹಾಕಿದ ತಿರುಗಣೆ ಸಿಕ್ಕಿದೆ. ಅಮಿಗ್ಡಲದಲ್ಲಿ ಇದು ನಡೆದಾಗ ಭಯ ಇಳಿಯುತ್ತದೆ. ಮಿದುಳಿನ ಹೊರಪದರದಲ್ಲಿ ನಡೆದಾಗ ಮಂಪರು ಬರುತ್ತದೆ. ಕಿರುಮಿದುಳಿನಲ್ಲಿ ನಡೆದಾಗ ನಡಿಗೆ ತಡವರಿಸುತ್ತದೆ, ನೆನಪಿಗೆ ಸಂಬಂಧಿಸಿದ ಭಾಗದಲ್ಲಿ ನಡೆದಾಗ ಮರೆವು ಬರುತ್ತದೆ. ಮಾತ್ರೆಗೆ ಬೇಕಾದ ಜಾಗ, ಬೇಡವಾದ ಜಾಗ ಎಂಬ ಭೇದವಿಲ್ಲ. ವಯಸ್ಸಾದವರು ಈ ಮಾತ್ರೆ ನುಂಗಿ ರಾತ್ರಿ ಬಚ್ಚಲಿಗೆ ಎದ್ದಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದಕ್ಕೂ, ಹಗಲಿನಲ್ಲಿ ಟ್ರ್ಯಾಕ್ಟರ್ ಓಡಿಸಬಾರದೆಂದು ವೈದ್ಯರು ಹೇಳುವುದಕ್ಕೂ ಕಾರಣ ಇದೇ.

ಹಾಗಿದ್ದರೆ ಇದನ್ನು ಬರೆಯುವುದೇಕೆ? ಕಾಯಿಲೆ ತೀವ್ರವಾಗಿದ್ದಾಗ ಮೊದಲ ಎರಡು–ಮೂರು ವಾರ ದಾಟಿಸುವ ದೋಣಿ ಇದು. ಸರಿಯಾದ ಪ್ರಮಾಣದಲ್ಲಿ, ಸರಿಯಾದ ಅವಧಿಗೆ ಕೊಟ್ಟಾಗ ಇದರಷ್ಟು ಉಪಯುಕ್ತವಾದ ಔಷಧ ಕಡಿಮೆ. ತೊಂದರೆ ಆರಂಭವಾಗುವುದು ದಡ ಸೇರಿದ ಮೇಲೂ ದೋಣಿಯಿಂದ ಇಳಿಯದಿದ್ದಾಗ. ದಿನವೂ ಹೊರಗಿನಿಂದ ಸಹಾಯ ಸಿಗುತ್ತಿದೆ ಎಂದು ಕಂಡ ಮಿದುಳು ತನ್ನ ಗಾಬಾ ಗ್ರಾಹಿಗಳನ್ನು ಮೊಂಡಾಗಿಸಿಕೊಳ್ಳುತ್ತದೆ. ಅದಕ್ಕೆ ಎದುರಾದ, ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್‌ನ ಕಡೆಯನ್ನು ಬಲಪಡಿಸಿಕೊಳ್ಳುತ್ತದೆ. ಒಂದು ಮಾತ್ರೆಗೆ ಬರುತ್ತಿದ್ದ ನೆಮ್ಮದಿಗೆ ಎರಡು ಬೇಕಾಗುತ್ತದೆ.

ಈ ಸ್ಥಿತಿಯಲ್ಲಿ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಆಗುವ ಅಪಾಯವನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ತಡೆಯುವ ಕಡೆ ದುರ್ಬಲ, ಕೆರಳಿಸುವ ಕಡೆ ಪ್ರಬಲ, ಮಾತ್ರೆಯೂ ಇಲ್ಲ. ಕೈ ನಡುಕ, ನಿದ್ರಾಹೀನತೆ, ಮೊದಲಿಗಿಂತ ಹೆಚ್ಚಿನ ಗಾಬರಿ, ಕೆಲವರಲ್ಲಿ ಇಲ್ಲದ್ದು ಕಾಣುವುದು, ಕೆಲವರಲ್ಲಿ ಫಿಟ್ಸ್. ಫಿಟ್ಸ್‌ನಿಂದ ಪ್ರಾಣವೂ ಹೋಗಬಹುದು. ತಂದೆ ವರ್ಷಗಳಿಂದ ನುಂಗುತ್ತಿರುವ ಮಾತ್ರೆ ಚಟವಾಗಿದೆ ಎಂದು ತಿಳಿದ ಮಗ, ಒಳ್ಳೆಯ ಉದ್ದೇಶದಿಂದಲೇ, ಪಟ್ಟಿಯನ್ನು ಬಚ್ಚಿಡುತ್ತಾನೆ. ಮೂರನೆಯ ದಿನ ತಂದೆ ಹೊಲದಲ್ಲಿ ಬಿದ್ದು ಒದ್ದಾಡುತ್ತಾರೆ. ಇಂಥ ಸಂದರ್ಭದಲ್ಲಿ ಊರಿನವರು ಗಾಳಿ ಸೋಂಕಿತೆಂದು ತಿಳಿಯುವುದೂ ಉಂಟು. ಬಿಡಿಸಬೇಕಾದದ್ದು ನಿಜ, ಆದರೆ ವೈದ್ಯರ ಮೇಲ್ವಿಚಾರಣೆಯಲ್ಲಿ, ಪ್ರಮಾಣವನ್ನು ವಾರಗಳ ಕಾಲ, ಕೆಲವೊಮ್ಮೆ ತಿಂಗಳುಗಳ ಕಾಲ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಿಡಿಸಬೇಕು. ರಾತ್ರೋರಾತ್ರಿ ಅಲ್ಲ.

ಮದ್ಯವೂ ಇದೇ ಗಾಬಾ ಗ್ರಾಹಿಯ ಮೇಲೆ ಕೆಲಸ ಮಾಡುತ್ತದೆ. ಮಾತ್ರೆ ಮತ್ತು ಮದ್ಯ ಎರಡೂ ಒಟ್ಟಿಗೆ ಹೊಟ್ಟೆಗೆ ಬಿದ್ದರೆ ಉಸಿರಾಟ ನಡೆಸುವ ಮಿದುಳಿನ ಭಾಗವೇ ಮಂಕಾಗಿ, ಮಲಗಿದವರು ಏಳದಿರಬಹುದು. ಗಡಿ ಜಿಲ್ಲೆಗಳ ಸದಸ್ಯರಿಗೆ ಇನ್ನೊಂದು ವಿಷಯ ಮುಖ್ಯ. ರಾಯಚೂರು ಭಾಗದಲ್ಲಿ ಸಿ.ಎಚ್. ಪೌಡರ್ ಎಂದು ಕರೆಯುವ ಕ್ಲೋರಲ್ ಹೈಡ್ರೇಟ್, ನೆರೆಯ ತೆಲಂಗಾಣದಲ್ಲಿ ಆಲ್ಪ್ರಜೊಲಾಮ್ ಮತ್ತು ಡಯಜೆಪಾಮ್, ಸೇಂದಿಗೆ ಕಲಬೆರಕೆಯಾಗುತ್ತಿರುವುದು ಗುಟ್ಟಿನ ಸಂಗತಿಯಲ್ಲ. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯ ವಿರುದ್ಧ ಕಠಿಣ ಕ್ರಮ ಕೈಗೊಂಡಾಗ, ಕುಡಿಯುವುದು ಒಮ್ಮೆಲೇ ನಿಂತವರು ನಡುಕ, ಭ್ರಮೆ, ಫಿಟ್ಸ್‌ಗಳಿಂದ ಆಸ್ಪತ್ರೆ ಸೇರಬೇಕಾಯಿತು. ಸೇಂದಿ ನಿಂತದ್ದಕ್ಕಿಂತ ಅದರೊಳಗಿದ್ದ ಮಾತ್ರೆ ನಿಂತದ್ದೇ ಅಲ್ಲಿ ಕಾರಣ. ಅಕ್ರಮ ಅಂಗಡಿ ಮುಚ್ಚಿಸುವ ನಿರ್ಣಯ ಮಾಡುವ ಪಂಚಾಯಿತಿ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಮಾಹಿತಿ ನೀಡುವುದು ಉಚಿತ.

ಕಾನೂನಿನ ವಿಷಯದಲ್ಲಿ ಇಷ್ಟು ತಿಳಿದಿದ್ದರೆ ಸಾಕು. ಆಲ್ಪ್ರಜೊಲಾಮ್, ಡಯಜೆಪಾಮ್ ಮುಂತಾದವು ಔಷಧ ನಿಯಮಗಳ ಎಚ್–1 ಅನುಸೂಚಿಯಲ್ಲಿವೆ. ಈ ಅನುಸೂಚಿ 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರುವಂತಿಲ್ಲ. ಮಾರಿದಾಗ ಚೀಟಿ ಬರೆದ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು ಮತ್ತು ಪ್ರಮಾಣವನ್ನು ಅಂಗಡಿಯವರು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಕಾಯ್ದಿರಿಸಬೇಕು. ಪಟ್ಟಿಯ ಮೇಲೆ ಕೆಂಪು ಚೌಕಟ್ಟಿನ ಎಚ್ಚರಿಕೆ ಇರುತ್ತದೆ. ಓದು ಬಾರದವರೂ ಅದನ್ನು ಗುರುತಿಸಬಹುದು.

ನಿಧಾನವಾಗಿ ಕೆಲಸ ಮಾಡುವ ಮಾತ್ರೆ

ಆತಂಕದ ಕಾಯಿಲೆಗೆ ನಿಜವಾದ ಚಿಕಿತ್ಸೆ ಇದು. ಎಸಿಟಲೊಪ್ರಾಮ್, ಸರ್ಟ್ರಲೀನ್, ಫ್ಲೂಆಕ್ಸೆಟಿನ್ ಈ ಗುಂಪಿನವು. ಇವು ಖಿನ್ನತೆಗೂ ಕೊಡುವ ಔಷಧಗಳು. ಚಟ ಹಿಡಿಸುವಂಥವಲ್ಲ, ವಾರದಿಂದ ವಾರಕ್ಕೆ ಪ್ರಮಾಣ ಏರಿಸಿ ಕೇಳುವಂಥ ಹಂಬಲವನ್ನು ಇವು ಹುಟ್ಟಿಸುವುದಿಲ್ಲ. ಆದರೂ ಜನರು ಹೆಚ್ಚು ಅನುಮಾನಿಸುವುದು ಇವನ್ನೇ. ಉಪಯೋಗ ತಡವಾಗಿ ಬರುವುದು, ತೊಂದರೆ ಮೊದಲು ಬರುವುದು ಇದಕ್ಕೆ ಕಾರಣ. ಹೀಗೇಕೆ ಎಂಬುದು ಈ ಪಾಠದ ಮುಖ್ಯ ಭಾಗ.

ಸೆರೊಟೊನಿನ್ ಅನ್ನು ನರಕೋಶ ಸಂದಿಗೆ ಬಿಡುಗಡೆ ಮಾಡುತ್ತದೆ. ಕೆಲಸ ಮುಗಿದೊಡನೆ ಅದನ್ನು ಮತ್ತೆ ಒಳಕ್ಕೆ ಎಳೆದುಕೊಳ್ಳುವ ಪಂಪೂ ಅದೇ ನರಕೋಶದ ಬಳಿ ಇದೆ. ಈ ಗುಂಪಿನ ಔಷಧ ಆ ಪಂಪನ್ನು ಅಡ್ಡಗಟ್ಟುತ್ತದೆ. ಸೆರೊಟೊನಿನ್ ಸಂದಿಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಇದು ಮೊದಲ ದಿನವೇ, ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಆಗುತ್ತದೆ. ಹಾಗಾದರೆ ಗುಣ ಕಾಣಲು ಎರಡರಿಂದ ಆರು ವಾರ ಏಕೆ?

ಪಂಚಾಯಿತಿಯ ಓವರ್‌ಹೆಡ್ ಟ್ಯಾಂಕ್‌ನಲ್ಲಿರುವ ತೇಲು ಚೆಂಡಿನ ವಾಲ್ವ್ ಸದಸ್ಯರಿಗೆ ಪರಿಚಿತವೇ. ನೀರು ಒಂದು ಮಟ್ಟಕ್ಕೆ ಏರಿದೊಡನೆ ಚೆಂಡು ಮೇಲಕ್ಕೆ ತೇಲಿ ಒಳಹರಿವನ್ನು ಮುಚ್ಚುತ್ತದೆ. ಟ್ಯಾಂಕಿನಿಂದ ನೀರು ಹೊರಹೋಗುವ ಕೊಳವೆಗೆ ಯಾರೋ ಬಿರಡೆ ಹಾಕಿದರು ಎಂದುಕೊಳ್ಳಿ. ನೀರಿನ ಮಟ್ಟ ಏರುತ್ತದೆ. ಆದರೆ ಚೆಂಡು ಕೂಡಲೇ ತೇಲಿ ಒಳಹರಿವನ್ನೂ ಮುಚ್ಚಿಬಿಡುತ್ತದೆ. ಸೆರೊಟೊನಿನ್ ತಯಾರಿಸುವ ನರಕೋಶಗಳ ಒಡಲಿನ ಮೇಲೆ ಇಂಥದೇ ತೇಲು ಚೆಂಡುಗಳಿವೆ. ತಮ್ಮದೇ ಸೆರೊಟೊನಿನ್ ಹೆಚ್ಚಾದುದನ್ನು ಅವು ಗ್ರಹಿಸಿ, ನರಕೋಶ ಕಿಡಿ ಹಾರಿಸುವುದನ್ನೇ ಕಡಿಮೆ ಮಾಡುತ್ತವೆ. ಮೊದಲ ವಾರಗಳಲ್ಲಿ ಆಗುವುದು ಇದು: ಔಷಧ ಒಂದು ಕಡೆ ತುಂಬಿಸುತ್ತದೆ, ಮಿದುಳು ಇನ್ನೊಂದು ಕಡೆ ತಡೆಯುತ್ತದೆ. ದಿನವೂ ಮಾತ್ರೆ ಮುಂದುವರಿದಾಗ, ಎರಡು ಮೂರು ವಾರಗಳಲ್ಲಿ ಆ ಚೆಂಡುಗಳು ತಮ್ಮ ಸೂಕ್ಷ್ಮತೆ ಕಳೆದುಕೊಳ್ಳುತ್ತವೆ. ಆಗ ಒಳಹರಿವು ಮೊದಲಿನಂತಾಗುತ್ತದೆ, ಬಿರಡೆಯೂ ಇದೆ. ಮಟ್ಟ ನಿಜವಾಗಿ ಏರುತ್ತದೆ. ಇದರ ಜೊತೆಗೆ ನರಕೋಶಗಳ ನಡುವಿನ ಜೋಡಣೆಗಳೂ ನಿಧಾನವಾಗಿ ಬದಲಾಗಿ, ಹೆದರಿಕೆಯ ಸುಳಿವಿಗೆ ಅಮಿಗ್ಡಲ ಕೆರಳುವುದು ಕಡಿಮೆಯಾಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. "ಸೆರೊಟೊನಿನ್ ಕಡಿಮೆಯಾದುದರಿಂದಲೇ ಕಾಯಿಲೆ ಬಂತು" ಎಂಬ ವಿವರಣೆ ಪ್ರಚಾರದಲ್ಲಿದೆ. ಪ್ಯಾರಸಿಟಮಾಲ್‌ನಿಂದ ಜ್ವರ ಇಳಿಯುತ್ತದೆ. ಹಾಗೆಂದು ಪ್ಯಾರಸಿಟಮಾಲ್ ಕೊರತೆಯಿಂದ ಜ್ವರ ಬಂತೆಂದು ಯಾರೂ ಹೇಳುವುದಿಲ್ಲ. ಕಾಯಿಲೆಗೆ ಅನುವಂಶೀಯತೆ, ಬಾಲ್ಯದ ಕಷ್ಟ, ಸಾಲ, ಮನೆಯೊಳಗಿನ ಹಿಂಸೆ ಹೀಗೆ ಹಲವು ಬೇರುಗಳಿರಬಹುದು. ಮಾತ್ರೆ ಒಂದು ದಾರಿಯಿಂದ ಅದನ್ನು ತಗ್ಗಿಸುತ್ತದೆ. ಆಪ್ತಸಮಾಲೋಚನೆ ಇನ್ನೊಂದು ದಾರಿ. ಹೆದರಿಕೆ ಹುಟ್ಟಿಸುವ ಸಂದರ್ಭವನ್ನು ಹಂತ ಹಂತವಾಗಿ ಎದುರಿಸಲು ಕಲಿಸುವ ಚಿಕಿತ್ಸೆ ಆತಂಕದಲ್ಲಿ ಮಾತ್ರೆಯಷ್ಟೇ ಫಲ ಕೊಡಬಲ್ಲದು. ಎರಡೂ ಸೇರಿದರೆ ಮತ್ತೂ ಒಳ್ಳೆಯದು.

ಇನ್ನು ಮೊದಲ ವಾರದ ತೊಂದರೆಗಳು. ದೇಹದ ಸೆರೊಟೊನಿನ್‌ನಲ್ಲಿ ನೂರಕ್ಕೆ ಸುಮಾರು 90 ಪಾಲು ಇರುವುದು ಮಿದುಳಿನಲ್ಲಲ್ಲ, ಕರುಳಿನಲ್ಲಿ. ಆದ್ದರಿಂದ ಮಾತ್ರೆಯ ಪರಿಣಾಮ ಮೊದಲು ತಿಳಿಯುವುದು ಹೊಟ್ಟೆಗೆ: ವಾಕರಿಕೆ, ಭೇದಿ, ಹಸಿವು ಕಡಿಮೆ. ಕೆಲವರಿಗೆ ತಲೆನೋವು, ಚಡಪಡಿಕೆ, ಆರಂಭದಲ್ಲಿ ಆತಂಕವೇ ತುಸು ಹೆಚ್ಚಾದಂತೆ ಅನಿಸುವುದೂ ಇದೆ. ಬಹುಪಾಲು ಒಂದೆರಡು ವಾರದಲ್ಲಿ ಇಳಿಯುತ್ತವೆ. ಇದನ್ನು ತಿಳಿದೇ ವೈದ್ಯರು ಅರ್ಧ ಮಾತ್ರೆಯಿಂದ ಆರಂಭಿಸುತ್ತಾರೆ, ಬೇಗ ಕೆಲಸ ಮಾಡುವ ಮಾತ್ರೆಯನ್ನು ಮೊದಲ ಕೆಲವು ವಾರ ಜೊತೆಗೆ ಕೊಡುತ್ತಾರೆ. ಮೇಲೆ ಹೇಳಿದ ಸಂಘದ ಮಹಿಳೆ ಎಂಟನೆಯ ದಿನ "ಈ ಮಾತ್ರೆ ನನಗೆ ಆಗಿಬರುತ್ತಿಲ್ಲ" ಎನ್ನುತ್ತಾರೆ, ಅತ್ತೆ "ಹುಚ್ಚಿನ ಮಾತ್ರೆ, ಬಿಡು ತಾಯಿ" ಎನ್ನುತ್ತಾರೆ, ಮಾತ್ರೆ ನಿಲ್ಲುತ್ತದೆ. ತೊಂದರೆಯನ್ನಷ್ಟೇ ಅನುಭವಿಸಿ, ಫಲ ಬರುವ ಹೊಸ್ತಿಲಲ್ಲಿ ಆಕೆ ಹಿಂದಿರುಗಿದಂತಾಯಿತು. ಮುಂದೆ ಇನ್ನೊಬ್ಬ ವೈದ್ಯರು ಅದೇ ಮಾತ್ರೆ ಬರೆದರೂ "ಅದನ್ನು ತಿಂದು ನೋಡಿದ್ದೇನೆ" ಎನ್ನುತ್ತಾರೆ. "ಹದಿನೈದು ದಿನ ತಾಳಿಕೊಳ್ಳಿ, ತೀರಾ ಕಷ್ಟವಾದರೆ ಬಿಡುವ ಮೊದಲು ವೈದ್ಯರನ್ನು ಕೇಳಿ" ಎಂಬ ಒಂದು ಮಾತನ್ನು ಎಂಟನೆಯ ದಿನ ಹೇಳುವವರು ಬೇಕಿತ್ತು.

ಆದರೆ ತಾಳಿಕೊಳ್ಳಬಾರದ ಲಕ್ಷಣಗಳೂ ಇವೆ. ಇಪ್ಪತ್ತೈದಕ್ಕಿಂತ ಕಡಿಮೆ ವಯಸ್ಸಿನ ಕೆಲವರಲ್ಲಿ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಬರುವ ಸಂಭವವಿದೆ. ಮನೆಯವರು ಆ ಅವಧಿಯಲ್ಲಿ ಹತ್ತಿರದಿಂದ ನೋಡಿಕೊಳ್ಳಬೇಕು, ಅಂಥ ಮಾತು ಕೇಳಿದರೆ ಅಂದೇ ವೈದ್ಯರನ್ನು ಕಾಣಬೇಕು. ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿದು ಮಂಕು, ಗೊಂದಲ ಉಂಟಾಗಬಹುದು. ರಕ್ತ ಹೆಪ್ಪುಗಟ್ಟಿಸುವ ಕಿರುಫಲಕಗಳೂ ಸೆರೊಟೊನಿನ್ ಬಳಸುತ್ತವಾದ್ದರಿಂದ, ಈ ಮಾತ್ರೆಯ ಜೊತೆಗೆ ಮೈಕೈ ನೋವಿಗೆಂದು ಡೈಕ್ಲೊಫೆನಾಕ್‌ನಂಥ ಮಾತ್ರೆಯನ್ನು ದಿನವೂ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಕೂಲಿ ಕೆಲಸದ ನಂತರ ನೋವಿನ ಮಾತ್ರೆ ನುಂಗುವುದು ರೂಢಿಯಾಗಿರುವ ಊರುಗಳಲ್ಲಿ ಇದನ್ನು ವೈದ್ಯರಿಗೆ ತಿಳಿಸಲೇಬೇಕು. ಗರ್ಭಿಣಿಯರು ತಾವೇ ನಿಲ್ಲಿಸಲೂ ಬಾರದು, ತಾವೇ ಮುಂದುವರಿಸಲೂ ಬಾರದು; ವೈದ್ಯರನ್ನು ಕೇಳಬೇಕು.

ಗುಣವಾದ ಮೇಲೂ ಈ ಮಾತ್ರೆಯನ್ನು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸುತ್ತಾರೆ. ಬೇಗ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವುದು ಹೆಚ್ಚು. ನಿಲ್ಲಿಸುವಾಗಲೂ ನಿಧಾನವಾಗಿಯೇ ನಿಲ್ಲಿಸಬೇಕು. ಒಮ್ಮೆಲೇ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ, ಕಿರಿಕಿರಿ ಕೆಲವು ದಿನ ಕಾಡುತ್ತದೆ. ಬೆಂಜೊಡಯಜೆಪೀನ್ ಬಿಟ್ಟಾಗ ಬರುವ ಫಿಟ್ಸ್‌ನಂಥ ಪ್ರಾಣಾಪಾಯ ಇಲ್ಲಿಲ್ಲ, ಆದರೆ ಇದನ್ನೇ ಕಾಯಿಲೆ ಮರಳಿತೆಂದು ತಪ್ಪು ತಿಳಿಯುವವರಿದ್ದಾರೆ.

ಕೆಲವು ಕಡೆ ಅಮಿಟ್ರಿಪ್ಟಿಲಿನ್ ಎಂಬ ಹಳೆಯ ಮಾತ್ರೆಯನ್ನೂ ಕೊಡುತ್ತಾರೆ. ಅದು ಸೆರೊಟೊನಿನ್ ಜೊತೆಗೆ ನಾರ್‌ಅಡ್ರಿನಲಿನ್‌ನ ಪಂಪನ್ನೂ ತಡೆಯುತ್ತದೆ. ಬಾಯಿ ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ. ಅತಿಯಾಗಿ ನುಂಗಿದರೆ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಮಕ್ಕಳಿಗೂ, ಮನನೊಂದವರಿಗೂ ಕೈಗೆ ಸಿಗದಂತೆ ಇಡಬೇಕಾದ ಮಾತ್ರೆ ಇದು.

ಎದೆಬಡಿತದ ಮಾತ್ರೆ

ಪ್ರೊಪ್ರನೊಲಾಲ್ ಬೇರೆಯೇ ಜಾತಿಯದು. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಇದನ್ನು 1960ರ ದಶಕದಲ್ಲಿ ಹೃದ್ರೋಗಕ್ಕಾಗಿ ರೂಪಿಸಿದರು. 1988ರ ನೊಬೆಲ್ ಪ್ರಶಸ್ತಿಗೆ ಕಾರಣವಾದ ಅವರ ಕೆಲಸಗಳಲ್ಲಿ ಇದೂ ಒಂದು. ಅಡ್ರಿನಲಿನ್ ಹೃದಯದಲ್ಲಿ ಹೋಗಿ ಕೂರುವ ಬೀಟಾ ಗ್ರಾಹಿಗಳನ್ನು ಇದು ಮೊದಲೇ ಆಕ್ರಮಿಸಿಕೊಳ್ಳುತ್ತದೆ. ಗಂಟೆ ಬಾರಿಸಿದರೂ ಹೃದಯಕ್ಕೆ ಕೇಳಿಸುವುದಿಲ್ಲ. ಎದೆಬಡಿತ, ಕೈನಡುಕ ಇಳಿಯುತ್ತವೆ. ಮನಸ್ಸಿನ ಚಿಂತೆಯನ್ನು ಇದು ನೇರವಾಗಿ ಕಡಿಮೆ ಮಾಡದು. ಶ್ವಾಸನಾಳದ ಬೀಟಾ ಗ್ರಾಹಿಗಳನ್ನೂ ತಡೆಯುವುದರಿಂದ ಉಬ್ಬಸವಿರುವವರಿಗೆ ಇದು ಅಪಾಯ. ಇನ್ಸುಲಿನ್ ಪಡೆಯುವ ಮಧುಮೇಹಿಗಳಿಗೆ ಸಕ್ಕರೆ ಇಳಿದಾಗ ಎಚ್ಚರಿಸುವ ಎದೆಬಡಿತವೇ ಇದರಿಂದ ಮರೆಯಾಗುತ್ತದೆ. "ನನಗೆ ಒಳ್ಳೆಯದಾಯಿತು, ನೀನೂ ತಗೋ" ಎಂದು ಪಕ್ಕದ ಮನೆಗೆ ಎರಡು ಮಾತ್ರೆ ಕೊಡುವ ರೂಢಿ ಇಲ್ಲಿ ಪ್ರಾಣಕ್ಕೇ ಬರಬಹುದು.

ಪಂಚಾಯಿತಿಯ ಕೈಯಲ್ಲಿರುವುದು

ಈ ಚಿಕಿತ್ಸೆಗೆ ದೊಡ್ಡ ಊರಿಗೇ ಹೋಗಬೇಕೆಂದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲಿಯೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ನೀಡಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ಸೇವೆ ಏರ್ಪಾಡಾಗಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416; ಕರೆ ಉಚಿತ, ಕನ್ನಡದಲ್ಲಿ ಮಾತನಾಡಬಹುದು. ಎಂಟನೆಯ ದಿನದ ಸಂಶಯಕ್ಕೆ ಇಲ್ಲಿಯೂ ಉತ್ತರ ಸಿಗುತ್ತದೆ.

ಯಾರು ಯಾವ ಮಾತ್ರೆ ನುಂಗುತ್ತಿದ್ದಾರೆ ಎಂಬುದು ಗ್ರಾಮಸಭೆಯ ವಿಷಯವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 23ನೇ ಪ್ರಕರಣ ಗೋಪ್ಯತೆಯನ್ನು ರೋಗಿಯ ಹಕ್ಕಾಗಿ ನೀಡಿದೆ. ಹೆಸರು ಹೊರಬಿದ್ದ ಊರಿನಲ್ಲಿ ಎರಡನೆಯ ರೋಗಿ ಆಸ್ಪತ್ರೆಗೆ ಹೋಗುವುದಿಲ್ಲ.

ಹೆಸರು ಹೇಳದೆ ಎತ್ತಬೇಕಾದ ವಿಷಯವೊಂದಿದೆ: ಮಾತ್ರೆಯ ದಾಸ್ತಾನು. ತಿಂಗಳ ಮಾತ್ರೆ ಮುಗಿದ ದಿನ ಆರೋಗ್ಯ ಕೇಂದ್ರದಲ್ಲಿ ದಾಸ್ತಾನು ಇಲ್ಲವೆಂದರೆ, ಬಸ್ಸಿನ ಹಣವಿಲ್ಲದ ರೋಗಿಯ ಚಿಕಿತ್ಸೆ ಅಂದೇ ನಿಲ್ಲುತ್ತದೆ. ವೈದ್ಯರು ನಿಧಾನವಾಗಿ ಇಳಿಸಬೇಕೆಂದಿದ್ದ ಮಾತ್ರೆಯನ್ನು ಸರಬರಾಜಿನ ಲೋಪವೇ ಒಮ್ಮೆಲೇ ನಿಲ್ಲಿಸಿದಂತಾಗುತ್ತದೆ. ಮನೆಯವರ ಅಜ್ಞಾನದಿಂದ ಆಗುವ ಹಾನಿಗೂ ಇದರಿಂದ ಆಗುವ ಹಾನಿಗೂ ಮಿದುಳು ವ್ಯತ್ಯಾಸ ಮಾಡುವುದಿಲ್ಲ. ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಮತ್ತು ಕೆಡಿಪಿ ಸಭೆಯಲ್ಲಿ ಮಾನಸಿಕ ಆರೋಗ್ಯದ ಔಷಧಗಳ ದಾಸ್ತಾನು ಎಷ್ಟು ವಾರಕ್ಕಿದೆ, ಮುಂದಿನ ಬೇಡಿಕೆ ಯಾವ ದಿನಾಂಕಕ್ಕೆ ಹೋಗಿದೆ ಎಂದು ಕೇಳಿ, ಬಂದ ಉತ್ತರವನ್ನು ನಡವಳಿಯಲ್ಲಿ ಬರೆಸತಕ್ಕದ್ದು. ರೋಗಿಯ ಮನೆಯವರಿಗೆ ಹೇಳಬೇಕಾದದ್ದು, ಕೊನೆಯ ಪಟ್ಟಿಯಲ್ಲಿ ಏಳು ಮಾತ್ರೆ ಉಳಿದಿರುವಾಗಲೇ ಆಶಾ ಕಾರ್ಯಕರ್ತೆಗೆ ತಿಳಿಸಬೇಕು ಎಂಬುದು.